ಬೆನ್ನುನೋವಿಗೆ ಕೈರೋಪ್ರಾಕ್ಟಿಕ್: ಎಷ್ಟರಮಟ್ಟಿಗೆ ನಂಬಬಹುದು?

ದಿನವಿಡೀ ಗಣಕಯಂತ್ರದ ಮುಂದೆ ಕುಳಿತು ದುಡಿಯುವವರನ್ನೂ, ಹೊಂಡಬಿದ್ದ ರಸ್ತೆಗಳಲ್ಲಿ ದ್ವಿಚಕ್ರ ವಾಹನ ಓಡಿಸುವವರನ್ನೂ, ಮಹಡಿಯ ಮೇಲಕ್ಕೆ ನೀರಿನ ಕೊಡ ಹೊರುವವರನ್ನೂ ಒಂದೇ ಸಮನೆ ಕಾಡುವ ಬಾಧೆಯೆಂದರೆ ಬೆನ್ನುನೋವು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಾದ್ಯಂತ 61.9 ಕೋಟಿ ಜನರು ಸೊಂಟದ ಭಾಗದ ಬೆನ್ನುನೋವಿನಿಂದ ಬಳಲುತ್ತಿದ್ದರು. 2050ರ ವೇಳೆಗೆ ಈ ಸಂಖ್ಯೆ 84.3 ಕೋಟಿಗೆ ಏರುವ ನಿರೀಕ್ಷೆಯಿದೆ. ನೋವು ಇಷ್ಟು ವ್ಯಾಪಕವಾಗಿರುವಾಗ ಅದಕ್ಕೆ ಪರಿಹಾರ ಹೇಳುವವರ ಸಂಖ್ಯೆಯೂ ದೊಡ್ಡದೇ ಆಗಿರುವುದು ಸಹಜ.

ಅಂತಹ ಪರಿಹಾರಗಳಲ್ಲಿ ಕೈರೋಪ್ರಾಕ್ಟಿಕ್ ಒಂದು. ರೋಗಿಯನ್ನು ಮೇಜಿನ ಮೇಲೆ ಮಲಗಿಸಿ, ಬೆನ್ನಿನ ಅಥವಾ ಕತ್ತಿನ ಒಂದು ನಿರ್ದಿಷ್ಟ ಕೀಲಿನ ಮೇಲೆ ಕೈಯಿಟ್ಟು, ಥಟ್ಟನೆ ಒತ್ತಿದಾಗ ‘ಲಟಕ್’ ಎಂಬ ಶಬ್ದ ಬರುತ್ತದೆ. ರೋಗಿ ನಿಟ್ಟುಸಿರು ಬಿಟ್ಟು ನಗುತ್ತಾನೆ. ಇಂತಹ ದೃಶ್ಯಗಳ ವಿಡಿಯೋಗಳನ್ನು ಮೊಬೈಲಿನಲ್ಲಿ ನೋಡದವರು ನಗರಗಳಲ್ಲಿ ವಿರಳ. ಬೆಂಗಳೂರಿನಂತಹ ಊರುಗಳಲ್ಲಿ ಕೈರೋಪ್ರಾಕ್ಟಿಕ್ ಎಂಬ ಫಲಕ ಹೊತ್ತ ಚಿಕಿತ್ಸಾಲಯಗಳೂ ಈಗ ಅಪರೂಪವಲ್ಲ. ಆದರೆ ಈ ಚಿಕಿತ್ಸೆಯನ್ನು ನಂಬಬಹುದೇ ಎಂಬ ಪ್ರಶ್ನೆಗೆ ‘ಹೌದು’ ಅಥವಾ ‘ಇಲ್ಲ’ ಎಂಬ ಒಂದೇ ಪದದ ಉತ್ತರ ದೊರೆಯುವುದಿಲ್ಲ. ಕೈಯ ಕೆಲಸ, ಅದರ ಹಿಂದಿನ ಸಿದ್ಧಾಂತ ಮತ್ತು ಅದರ ಹೆಸರಿನಲ್ಲಿ ನೀಡಲಾಗುವ ಭರವಸೆಗಳು ಮೂರು ಬೇರೆ ಬೇರೆ ಸಂಗತಿಗಳು. ಮೂರನ್ನೂ ಪ್ರತ್ಯೇಕವಾಗಿಯೇ ತೂಗಿ ನೋಡಬೇಕಾಗುತ್ತದೆ.

ಹುಟ್ಟಿದ ಬಗೆ

ಕೈರೋಪ್ರಾಕ್ಟಿಕ್ ಹುಟ್ಟಿದ್ದು ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ನಗರದಲ್ಲಿ. ಇದರ ಪ್ರವರ್ತಕ ಡೇನಿಯಲ್ ಡೇವಿಡ್ ಪಾಮರ್ ಕೆನಡಾದಲ್ಲಿ 1845ರಲ್ಲಿ ಜನಿಸಿದವನು. ವೈದ್ಯಕೀಯ ಪದವಿ ಪಡೆದವನಲ್ಲ. ಕೈಗಳ ಮೂಲಕ ಕಾಂತಶಕ್ತಿ ಹರಿಸಿ ರೋಗ ಗುಣಪಡಿಸುವುದಾಗಿ ಹೇಳಿಕೊಳ್ಳುತ್ತಿದ್ದ ಚಿಕಿತ್ಸಕ. 1895ರ ಸೆಪ್ಟೆಂಬರ್‌ನಲ್ಲಿ ತಾನು ಕೆಲಸ ಮಾಡುತ್ತಿದ್ದ ಕಟ್ಟಡದ ಜಾಡಮಾಲಿ ಹಾರ್ವಿ ಲಿಲ್ಲಾರ್ಡ್ ಎಂಬಾತನ ಬೆನ್ನಿನಲ್ಲಿ ಒಂದು ಕಶೇರುಮಣಿ ಸ್ಥಾನ ತಪ್ಪಿರುವುದನ್ನು ಕಂಡು, ಅದನ್ನು ಒತ್ತಿ ಸರಿಪಡಿಸಿದಾಗ ಆತನ ಕಿವುಡು ನಿವಾರಣೆಯಾಯಿತು ಎಂಬುದು ಪಾಮರನ ಹೇಳಿಕೆ. ಈ ಪದ್ಧತಿಯ ಅನುಯಾಯಿಗಳು ಇಂದಿಗೂ ಆ ಘಟನೆಯನ್ನೇ ಆರಂಭವೆಂದು ಸ್ಮರಿಸುತ್ತಾರೆ. ಆದರೆ ಶ್ರವಣದ ನರ ಕಿವಿಯಿಂದ ತಲೆಬುರುಡೆಯೊಳಗೇ ಮಿದುಳನ್ನು ಸೇರುತ್ತದೆ. ಬೆನ್ನೆಲುಬಿನ ಮಾರ್ಗವಾಗಿ ಅದು ಹಾಯುವುದಿಲ್ಲ. ಮೊದಲ ಕಥೆಯಲ್ಲಿಯೇ ಶರೀರರಚನೆಯ ತೊಡಕೊಂದು ಉಳಿದುಬಿಟ್ಟಿದೆ.

ಗ್ರೀಕ್ ಭಾಷೆಯಲ್ಲಿ ‘ಕೈಯಿಂದ ಮಾಡಿದ್ದು’ ಎಂಬ ಅರ್ಥ ಕೊಡುವ ಪದಗಳಿಂದ ಈ ಹೆಸರು ರೂಪುಗೊಂಡಿತು. 1897ರಲ್ಲಿ ಪಾಮರ್ ತನ್ನದೇ ಶಾಲೆ ತೆರೆದ. ಪರವಾನಗಿಯಿಲ್ಲದೆ ವೈದ್ಯವೃತ್ತಿ ನಡೆಸಿದ ಆರೋಪದ ಮೇಲೆ 1906ರಲ್ಲಿ ಸೆರೆಮನೆಗೂ ಹೋಗಿ ಬಂದ. ಮಗ ಬಿ. ಜೆ. ಪಾಮರ್ ಶಾಲೆಯನ್ನೂ ಪದ್ಧತಿಯನ್ನೂ ದೊಡ್ಡ ಪ್ರಮಾಣದಲ್ಲಿ ಬೆಳೆಸಿದ.

ತಂದೆ ಪಾಮರನ ಸಿದ್ಧಾಂತ ಸರಳವಾದುದು. ದೇಹದಲ್ಲಿ ಹುಟ್ಟಿನಿಂದಲೇ ಬರುವ ಒಂದು ಜೀವಬುದ್ಧಿ ನರಗಳ ಮೂಲಕ ಹರಿಯುತ್ತದೆ. ಕಶೇರುಮಣಿಗಳು ಸ್ಥಾನ ತಪ್ಪಿದಾಗ ಆ ಹರಿವಿಗೆ ಅಡ್ಡಿಯಾಗಿ ರೋಗ ಬರುತ್ತದೆ. ಮಣಿಯನ್ನು ಸ್ಥಾನಕ್ಕೆ ತಂದರೆ ರೋಗ ಹೋಗುತ್ತದೆ. ಇಂತಹ ಸ್ಥಾನಪಲ್ಲಟಕ್ಕೆ ‘ಸಬ್‌ಲಕ್ಸೇಷನ್’ ಎಂಬ ಹೆಸರಿಟ್ಟು, ನೂರಕ್ಕೆ ತೊಂಬತ್ತೈದು ರೋಗಗಳಿಗೆ ಇದೇ ಮೂಲವೆಂದು ಆತ ಸಾರಿದ. ಮೂಳೆವೈದ್ಯರೂ ‘ಸಬ್‌ಲಕ್ಸೇಷನ್’ ಎಂಬ ಪದವನ್ನು ಬಳಸುತ್ತಾರೆ. ಆದರೆ ಅವರ ಪಾಲಿಗೆ ಅದು ಎಕ್ಸರೇಯಲ್ಲಿ ಸ್ಪಷ್ಟವಾಗಿ ಕಾಣಿಸುವ, ಕೀಲು ಭಾಗಶಃ ಜಾರಿದ ಸ್ಥಿತಿ. ಪಾಮರನ ಅರ್ಥದ ಸಬ್‌ಲಕ್ಸೇಷನ್ ರೋಗಗಳಿಗೆ ಕಾರಣವೆಂಬುದಕ್ಕೆ ಒಂದೂಕಾಲು ಶತಮಾನ ಕಳೆದರೂ ಪುರಾವೆ ದೊರೆತಿಲ್ಲ. ಬ್ರಿಟನ್ನಿನಲ್ಲಿ ಕೈರೋಪ್ರಾಕ್ಟರುಗಳನ್ನು ನಿಯಂತ್ರಿಸುವ ಶಾಸನಬದ್ಧ ಸಂಸ್ಥೆಯಾದ ಜನರಲ್ ಕೈರೋಪ್ರಾಕ್ಟಿಕ್ ಕೌನ್ಸಿಲ್, ಈ ಕಲ್ಪನೆಯನ್ನು ರೋಗಕಾರಣವೆಂದು ಹೇಳಿಕೊಳ್ಳಲು ಸಂಶೋಧನೆಯ ಆಧಾರವಿಲ್ಲವೆಂದು 2010ರಲ್ಲಿ ತಾನೇ ಸ್ಪಷ್ಟಪಡಿಸಿತು.

ಇಂದಿನ ಕೈರೋಪ್ರಾಕ್ಟರುಗಳೆಲ್ಲರೂ ಪಾಮರನ ಮಾತನ್ನು ಹಿಡಿದು ಕುಳಿತವರಲ್ಲ. ಮೂಲ ಸಿದ್ಧಾಂತಕ್ಕೆ ಅಂಟಿಕೊಂಡ ಒಂದು ಪಂಗಡವಿದೆ. ಅದನ್ನು ಬದಿಗಿಟ್ಟು, ಬೆನ್ನು ಮತ್ತು ಕೀಲುನೋವಿಗಷ್ಟೇ ಸೀಮಿತರಾಗಿ, ವ್ಯಾಯಾಮವನ್ನೂ ಹೇಳಿಕೊಡುವ ಇನ್ನೊಂದು ಪಂಗಡವೂ ಇದೆ. ಚಿಕಿತ್ಸೆಗೆ ಹೋಗುವವರಿಗೆ ಈ ವ್ಯತ್ಯಾಸ ಮುಖ್ಯವಾದುದು.

‘ಲಟಕ್’ ಶಬ್ದದ ಹಿಂದೆ

ಚಿಕಿತ್ಸೆಯ ವೇಳೆ ಕೇಳಿಬರುವ ಶಬ್ದ ಮೂಳೆ ತನ್ನ ಸ್ಥಾನಕ್ಕೆ ಮರಳಿದ ಸದ್ದೆಂದು ಬಹುತೇಕರು ಭಾವಿಸುತ್ತಾರೆ. ವಾಸ್ತವ ಬೇರೆ. ಕೀಲುಗಳ ನಡುವೆ ಜಾರುವಿಕೆಗೆ ನೆರವಾಗುವ ದ್ರವವೊಂದಿದೆ. ಕೀಲನ್ನು ಥಟ್ಟನೆ ಹಿಗ್ಗಿಸಿದಾಗ ಒಳಗಿನ ಒತ್ತಡ ಕುಸಿದು, ದ್ರವದಲ್ಲಿ ಕರಗಿದ್ದ ಅನಿಲದ ಗುಳ್ಳೆ ಏರ್ಪಡುತ್ತದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಬೆರಳಿನ ಕೀಲುಗಳ ಎಂಆರ್‌ಐ ಚಿತ್ರಣದ ಮೂಲಕ ಈ ಕ್ರಿಯೆಯನ್ನು ಕಣ್ಣಾರೆ ತೋರಿಸಿದರು. ಬೆರಳಿನ ನೆಟಿಕೆ ಮುರಿದಾಗ ಬರುವ ಶಬ್ದವೂ ಬೆನ್ನಿನ ಶಬ್ದವೂ ಒಂದೇ ಜಾತಿಯವು. ಶಬ್ದ ಬಂದರೆ ಚಿಕಿತ್ಸೆ ಫಲಿಸಿತೆಂದಾಗಲೀ, ಬಾರದಿದ್ದರೆ ವಿಫಲವಾಯಿತೆಂದಾಗಲೀ ತಿಳಿಯಬೇಕಾಗಿಲ್ಲ.

ಹಾಗೆಂದು ಒತ್ತಿದಾಗ ಏನೂ ಆಗುವುದಿಲ್ಲವೆಂದೂ ಅರ್ಥವಲ್ಲ. ಬಿಗಿದ ಸ್ನಾಯುಗಳು ಕೆಲಹೊತ್ತು ಸಡಿಲಗೊಳ್ಳುತ್ತವೆ. ನೋವಿನ ಸಂಕೇತಗಳನ್ನು ನರಮಂಡಲ ಗ್ರಹಿಸುವ ರೀತಿಯಲ್ಲಿ ತಾತ್ಕಾಲಿಕ ಬದಲಾವಣೆಯಾಗುತ್ತದೆ. ನುರಿತ ಕೈಯ ಸ್ಪರ್ಶವೂ, ತನ್ನ ನೋವನ್ನು ಒಬ್ಬರು ಸಾವಧಾನವಾಗಿ ಆಲಿಸಿದರೆಂಬ ಸಮಾಧಾನವೂ ಇದಕ್ಕೆ ಸೇರಿಕೊಳ್ಳುತ್ತವೆ. ಪರಿಹಾರದ ಅನುಭವ ಸುಳ್ಳಲ್ಲ. ಅದಕ್ಕೆ ಕೊಡುವ ವಿವರಣೆ ಮಾತ್ರ ಪ್ರಶ್ನಾರ್ಹ.

ವೈದ್ಯರು, ನ್ಯಾಯಾಲಯ ಮತ್ತು ಮನ್ನಣೆ

ಅಮೆರಿಕದಲ್ಲಿ ಕೈರೋಪ್ರಾಕ್ಟಿಕ್‌ಗೆ ಕಾನೂನಿನ ಮನ್ನಣೆ ಸಿಕ್ಕಿದ್ದು ಹಂತಹಂತವಾಗಿ. 1913ರಲ್ಲಿ ಕ್ಯಾನ್ಸಸ್ ರಾಜ್ಯ ಮೊದಲು ಪರವಾನಗಿ ಶಾಸನ ತಂದಿತು. 1974ರಲ್ಲಿ ಲೂಸಿಯಾನಾ ಕೊನೆಯದಾಗಿ ಅದನ್ನು ಅನುಸರಿಸಿತು. ಈ ನಡುವೆ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1963ರಲ್ಲಿ ನಕಲಿ ವೈದ್ಯ ವಿರೋಧಿ ಸಮಿತಿಯೊಂದನ್ನು ರಚಿಸಿ, ಕೈರೋಪ್ರಾಕ್ಟರುಗಳೊಂದಿಗೆ ವೈದ್ಯರು ಯಾವುದೇ ವೃತ್ತಿಸಂಬಂಧ ಇಟ್ಟುಕೊಳ್ಳದಂತೆ ತಡೆಯಲು ಯತ್ನಿಸಿತು. ಇದರ ವಿರುದ್ಧ ಚೆಸ್ಟರ್ ವಿಲ್ಕ್ ಮತ್ತಿತರ ಕೈರೋಪ್ರಾಕ್ಟರುಗಳು 1976ರಲ್ಲಿ ಮೊಕದ್ದಮೆ ಹೂಡಿದರು. ವೈದ್ಯರ ಸಂಘ ಕಾನೂನುಬಾಹಿರ ಬಹಿಷ್ಕಾರ ನಡೆಸಿದೆಯೆಂದು ನ್ಯಾಯಾಧೀಶೆ ಸುಸಾನ್ ಗೆಟ್ಜೆಂಡಾನರ್ 1987ರಲ್ಲಿ ತೀರ್ಪಿತ್ತರು. ಮೇಲ್ಮನವಿ ನ್ಯಾಯಾಲಯ 1990ರಲ್ಲಿ ಅದನ್ನು ಎತ್ತಿಹಿಡಿಯಿತು.

ಈ ತೀರ್ಪನ್ನು ಕೈರೋಪ್ರಾಕ್ಟಿಕ್ ವೈಜ್ಞಾನಿಕವೆಂಬುದಕ್ಕೆ ನ್ಯಾಯಾಲಯ ಕೊಟ್ಟ ಪ್ರಮಾಣಪತ್ರವೆಂಬಂತೆ ಬಿಂಬಿಸುವುದುಂಟು. ಆದರೆ ಅಲ್ಲಿ ವಿಚಾರಣೆಯಾದದ್ದು ವ್ಯಾಪಾರದ ಪೈಪೋಟಿಯನ್ನು ಅಡಗಿಸುವ ಯತ್ನ ನಡೆಯಿತೇ ಎಂಬ ಪ್ರಶ್ನೆ. ಚಿಕಿತ್ಸೆ ಫಲಕಾರಿಯೇ ಎಂಬುದನ್ನು ತೀರ್ಮಾನಿಸುವ ಹೊಣೆಯನ್ನು ನ್ಯಾಯಾಲಯ ಹೊತ್ತುಕೊಳ್ಳಲಿಲ್ಲ. ಪರವಾನಗಿಯ ಮಾತೂ ಅಷ್ಟೇ. ಯಾರು ವೃತ್ತಿ ನಡೆಸಬಹುದೆಂದು ಅದು ಹೇಳುತ್ತದೆಯೇ ಹೊರತು ಚಿಕಿತ್ಸೆಯಿಂದ ಎಷ್ಟು ಗುಣವಾಗುತ್ತದೆಂದು ಹೇಳುವುದಿಲ್ಲ. ಅದನ್ನು ಹೇಳಬೇಕಾದದ್ದು ಪ್ರಯೋಗಗಳು.

ಪ್ರಯೋಗಗಳು ಹೇಳುವುದೇನು?

ಬೆನ್ನೆಲುಬನ್ನು ಕೈಯಿಂದ ಒತ್ತಿ ಸರಿಸುವ ಚಿಕಿತ್ಸೆಯ ಮೇಲೆ ನಡೆದಿರುವ ಪ್ರಯೋಗಗಳು ಕಡಿಮೆಯೇನಲ್ಲ. ಅಮೆರಿಕದಲ್ಲಿ 1998ರಲ್ಲಿ ಪ್ರಕಟವಾದ ಒಂದು ಅಧ್ಯಯನ 321 ರೋಗಿಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿತು. ಒಂದು ಗುಂಪಿಗೆ ಕೈರೋಪ್ರಾಕ್ಟಿಕ್, ಇನ್ನೊಂದಕ್ಕೆ ಭೌತಚಿಕಿತ್ಸೆ, ಮೂರನೆಯದಕ್ಕೆ ಬೆನ್ನುನೋವಿನ ಬಗ್ಗೆ ತಿಳಿವಳಿಕೆ ನೀಡುವ ಒಂದು ಕಿರುಪುಸ್ತಿಕೆ ಮಾತ್ರ. ಮೊದಲ ಎರಡು ಗುಂಪುಗಳ ಫಲಿತಾಂಶ ಹೆಚ್ಚುಕಡಿಮೆ ಒಂದೇ ಆಗಿತ್ತು. ಕಿರುಪುಸ್ತಿಕೆ ಪಡೆದವರು ಹಿಂದೆ ಬಿದ್ದದ್ದು ಅಲ್ಪಪ್ರಮಾಣದಲ್ಲಿ ಮಾತ್ರ.

ಬ್ರಿಟನ್ನಿನಲ್ಲಿ 1,334 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗ, ಸಾಮಾನ್ಯ ಚಿಕಿತ್ಸೆಯ ಜೊತೆಗೆ ಕೈಚಿಕಿತ್ಸೆಯನ್ನೂ ಅದರ ಬೆನ್ನಿಗೇ ವ್ಯಾಯಾಮವನ್ನೂ ಕೊಟ್ಟಾಗ ಮೂರು ತಿಂಗಳಲ್ಲಿ ಸಾಧಾರಣ ಮಟ್ಟದ, ವರ್ಷದ ಕೊನೆಗೆ ಸಣ್ಣ ಮಟ್ಟದ ಪ್ರಯೋಜನ ಕಂಡಿತು. ಅಮೆರಿಕದ ಸೇನೆಯ 750 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ಮಾಮೂಲು ಚಿಕಿತ್ಸೆಗೆ ಕೈರೋಪ್ರಾಕ್ಟಿಕ್ ಸೇರಿಸಿದವರಿಗೆ ಸ್ವಲ್ಪ ಹೆಚ್ಚಿನ ಉಪಶಮನ ದೊರೆಯಿತು. ಆದರೆ ತಮಗೆ ಯಾವ ಚಿಕಿತ್ಸೆ ದೊರೆಯುತ್ತಿದೆಯೆಂಬುದು ಇಂತಹ ಅಧ್ಯಯನಗಳಲ್ಲಿ ಪಾಲ್ಗೊಂಡವರಿಗೆ ತಿಳಿದೇ ಇರುತ್ತದೆ. ಮಾತ್ರೆಯ ಬದಲು ಸಕ್ಕರೆ ಗುಳಿಗೆ ಕೊಟ್ಟಂತೆ ಕೈಚಿಕಿತ್ಸೆಯನ್ನು ಮರೆಮಾಚುವುದು ಕಷ್ಟ. ನಿರೀಕ್ಷೆಯ ಪಾಲೆಷ್ಟು, ಚಿಕಿತ್ಸೆಯ ಪಾಲೆಷ್ಟು ಎಂದು ಬೇರ್ಪಡಿಸುವುದು ಇದರಿಂದ ಜಟಿಲವಾಗುತ್ತದೆ.

ಬಿಡಿ ಪ್ರಯೋಗಗಳಿಗಿಂತ ಅವುಗಳೆಲ್ಲವನ್ನೂ ಒಟ್ಟುಗೂಡಿಸಿ ಪರಿಶೀಲಿಸುವ ಸಮೀಕ್ಷೆಗಳಿಗೆ ಹೆಚ್ಚು ತೂಕ. ಕಾಕ್ರೇನ್ ಸಂಸ್ಥೆಯ 2012ರ ಸಮೀಕ್ಷೆ ಹೊಸದಾಗಿ ಬಂದ ಬೆನ್ನುನೋವಿನ ಕುರಿತ 20 ಪ್ರಯೋಗಗಳನ್ನು ಪರಿಶೀಲಿಸಿ, ಕೈಚಿಕಿತ್ಸೆ ತೋರಿಕೆಯ ಚಿಕಿತ್ಸೆಗಿಂತ ಮೇಲೆಂದು ಹೇಳಲಾಗದೆಂಬ ನಿರ್ಣಯಕ್ಕೆ ಬಂದಿತು. 2017ರಲ್ಲಿ ಅಮೆರಿಕದ ವೈದ್ಯಪತ್ರಿಕೆ ‘ಜಾಮಾ’ದಲ್ಲಿ ಪ್ರಕಟವಾದ ಸಮೀಕ್ಷೆ ಸ್ವಲ್ಪ ಉದಾರವಾಗಿತ್ತು. ನೂರು ಅಂಕಗಳ ನೋವಿನ ಅಳತೆಯಲ್ಲಿ ಆರು ವಾರದೊಳಗೆ ಸರಾಸರಿ ಹತ್ತು ಅಂಕದಷ್ಟು ಇಳಿಕೆಯನ್ನು ಅದು ಗುರುತಿಸಿತು. ದೀರ್ಘಕಾಲದ ಬೆನ್ನುನೋವಿನ ಕುರಿತು 47 ಪ್ರಯೋಗಗಳ 9,211 ರೋಗಿಗಳ ಮಾಹಿತಿಯನ್ನು ಒಳಗೊಂಡು 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಕೈಚಿಕಿತ್ಸೆಯ ಫಲ ವ್ಯಾಯಾಮವೇ ಮೊದಲಾದ ಶಿಫಾರಸು ಮಾಡಲಾದ ಇತರ ಚಿಕಿತ್ಸೆಗಳಿಗೆ ಸರಿಸುಮಾರು ಸಮ. ಅವುಗಳಿಗಿಂತ ಮಿಗಿಲೂ ಅಲ್ಲ, ಕಡಿಮೆಯೂ ಅಲ್ಲ.

ಮಾರ್ಗಸೂಚಿಗಳೂ ಇದೇ ಮಧ್ಯಮ ದಾರಿಯಲ್ಲಿವೆ. ಬ್ರಿಟನ್ನಿನ ‘ನೈಸ್’ ಸಂಸ್ಥೆ 2016ರಲ್ಲಿ ಕೈಚಿಕಿತ್ಸೆಯನ್ನು ವ್ಯಾಯಾಮದೊಂದಿಗೆ ಸೇರಿಸಿ ಮಾತ್ರ ಪರಿಗಣಿಸಬಹುದೆಂದಿತು. ಅಮೆರಿಕದ ವೈದ್ಯರ ಕಾಲೇಜು 2017ರಲ್ಲಿ ಶಾಖ, ಮಾಲೀಸು, ಅಕ್ಯುಪಂಕ್ಚರ್‌ಗಳ ಸಾಲಿನಲ್ಲಿ ಇದನ್ನೂ ಸೇರಿಸಿತು; ಆದರೆ ಲಭ್ಯ ಪುರಾವೆ ಕೆಳಮಟ್ಟದ್ದೆಂದು ಒಪ್ಪಿಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಬೆನ್ನುನೋವಿಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ತಿಳಿವಳಿಕೆ, ವ್ಯಾಯಾಮ, ಮಾಲೀಸುಗಳ ಜೊತೆಗೆ ಬೆನ್ನೆಲುಬಿನ ಕೈಚಿಕಿತ್ಸೆಗೂ ಸ್ಥಾನವಿದೆ. ಸೊಂಟಪಟ್ಟಿ, ಎಳೆತದ ಚಿಕಿತ್ಸೆ ಮತ್ತು ಅಫೀಮು ವರ್ಗದ ನೋವುನಿವಾರಕಗಳನ್ನು ಅದು ಬೇಡವೆಂದಿದೆ.

ಕೈರೋಪ್ರಾಕ್ಟಿಕ್‌ನ ಮಿತಿ ಹೇಳುವಾಗ ಔಷಧಗಳ ಮಿತಿಯನ್ನೂ ಹೇಳದಿದ್ದರೆ ಮಾತು ಪಕ್ಷಪಾತದ್ದಾಗುತ್ತದೆ. ಆಸ್ಟ್ರೇಲಿಯದಲ್ಲಿ 1,652 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೊಸ ಬೆನ್ನುನೋವು ಬೇಗ ಗುಣವಾಗುವಂತೆ ಮಾಡಲು ಪ್ಯಾರಾಸಿಟಮಾಲ್ ಮಾತ್ರೆಗೆ ಸಾಧ್ಯವಾಗಲಿಲ್ಲ. ತೋರಿಕೆಯ ಮಾತ್ರೆಗೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ. ಬೆನ್ನುನೋವಿಗೆ ಪವಾಡದ ಮದ್ದು ಯಾವ ಪದ್ಧತಿಯ ಬಳಿಯೂ ಇಲ್ಲ.

ಗುಣವಾದದ್ದು ಯಾವುದರಿಂದ?

‘ಎಲ್ಲೂ ಗುಣವಾಗಲಿಲ್ಲ, ಅಲ್ಲಿ ಹೋದ ಮೇಲೆ ಗುಣವಾಯಿತು’ ಎಂಬ ಮಾತಿಗೆ ಸಮೀಕ್ಷೆಗಳ ಅಂಕಿಅಂಶಕ್ಕಿಂತ ಹೆಚ್ಚಿನ ಶಕ್ತಿಯಿದೆ. ಬೆನ್ನುನೋವಿನ ಸ್ವಭಾವವೇ ಈ ಮಾತಿಗೆ ಇಂಬು ಕೊಡುತ್ತದೆ. ಸುಮಾರು ಶೇಕಡ 90ರಷ್ಟು ಪ್ರಕರಣಗಳಲ್ಲಿ ನೋವಿಗೆ ಇಂಥದೇ ಎಂದು ಬೆರಳಿಟ್ಟು ತೋರಿಸುವ ಕಾರಣವಿರುವುದಿಲ್ಲ. ಹೊಸದಾಗಿ ಬಂದ ನೋವು ಬಹುಪಾಲು ಮಂದಿಯಲ್ಲಿ ಆರು ವಾರಗಳೊಳಗೆ ಗಣನೀಯವಾಗಿ ತಗ್ಗುತ್ತದೆ. ಹಳೆಯ ನೋವು ಏರಿಳಿಯುತ್ತಿರುತ್ತದೆ. ಮನುಷ್ಯ ಚಿಕಿತ್ಸೆಗೆ ಓಡುವುದು ನೋವು ಅತ್ಯಂತ ಹೆಚ್ಚಿದ್ದ ದಿನ. ಆ ದಿನದ ನಂತರ ಏನೂ ಮಾಡದಿದ್ದರೂ ನೋವು ಇಳಿಯುವ ಸಾಧ್ಯತೆಯೇ ಹೆಚ್ಚು.

ಸೊಂಟ ಉಳುಕಿದವರು, ಹುಟ್ಟುವಾಗ ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಕಾಲು ತಾಗಿಸಿಕೊಂಡರೆ ಉಳುಕು ಹೋಗುತ್ತದೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದಲೂ ಇದೆ. ಹಾಗೆ ಮಾಡಿಸಿಕೊಂಡ ಅನೇಕರಿಗೆ ನಾಲ್ಕು ದಿನದಲ್ಲಿ ವಾಸಿಯಾದದ್ದೂ ನಿಜವಿರಬಹುದು. ಆ ಯಶಸ್ಸಿನ ಹಿಂದಿರುವುದು ಬೆನ್ನಿಗೆ ತಾನಾಗಿ ಮಾಗುವ ಗುಣವೇ ಹೊರತು ಹುಟ್ಟಿದ ಬಗೆಯಲ್ಲ. ಕೊನೆಯದಾಗಿ ಮಾಡಿದ ಚಿಕಿತ್ಸೆಗೆ ಕೀರ್ತಿ ಸಲ್ಲುವುದು ಮನುಷ್ಯಸಹಜ. ಈ ಸಹಜ ತಪ್ಪನ್ನು ತಪ್ಪಿಸುವುದಕ್ಕಾಗಿಯೇ ಹೋಲಿಕೆಯ ಗುಂಪುಗಳಿರುವ ಪ್ರಯೋಗಗಳು ಬೇಕಾಗುತ್ತವೆ.

ಬೆನ್ನಿನ ಆಚೆಗಿನ ಭರವಸೆಗಳು

ಬೆನ್ನುನೋವಿಗೆ ಸೀಮಿತ ಉಪಶಮನವೆಂಬ ಮಾತಿಗೆ ಆಧಾರವಿದೆ. ಆದರೆ ಉಬ್ಬಸ, ಕಿವಿಯ ಸೋಂಕು, ಹಸುಗೂಸುಗಳ ಹೊಟ್ಟೆನೋವಿನ ಅಳು ಮುಂತಾದವೂ ಬೆನ್ನೆಲುಬು ಒತ್ತುವುದರಿಂದ ಗುಣವಾಗುತ್ತವೆಂಬ ಪ್ರಚಾರಕ್ಕೆ ಅಂತಹ ಆಧಾರವಿಲ್ಲ. ಭಾರತೀಯ ಮೂಲದ ಬ್ರಿಟಿಷ್ ವಿಜ್ಞಾನ ಲೇಖಕ ಸೈಮನ್ ಸಿಂಗ್ 2008ರಲ್ಲಿ ‘ಗಾರ್ಡಿಯನ್’ ಪತ್ರಿಕೆಯಲ್ಲಿ ಇದನ್ನೇ ಬರೆದಾಗ, ಬ್ರಿಟಿಷ್ ಕೈರೋಪ್ರಾಕ್ಟಿಕ್ ಅಸೋಸಿಯೇಷನ್ ಅವರ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿತು. ಎರಡು ವರ್ಷಗಳ ಹೋರಾಟದಲ್ಲಿ 2010ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಸಿಂಗ್ ಅವರ ಪರವಾಗಿ ನಿಂತ ಬಳಿಕ ಸಂಘ ಮೊಕದ್ದಮೆ ಹಿಂಪಡೆಯಿತು. ಈ ಪ್ರಕರಣ ಇಂಗ್ಲೆಂಡಿನ ಮಾನನಷ್ಟ ಕಾನೂನಿನ ಸುಧಾರಣೆಯ ಚಳವಳಿಗೆ ಬಲ ತಂದಿತು. 2013ರಲ್ಲಿ ಹೊಸ ಶಾಸನವೂ ಬಂದಿತು.

ಮಕ್ಕಳ ವಿಷಯದಲ್ಲಿ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಆಸ್ಟ್ರೇಲಿಯದ ಕೈರೋಪ್ರಾಕ್ಟಿಕ್ ಮಂಡಳಿಯೇ 2019ರಲ್ಲಿ ಎರಡು ವರ್ಷಕ್ಕಿಂತ ಚಿಕ್ಕ ಮಕ್ಕಳ ಬೆನ್ನೆಲುಬನ್ನು ಒತ್ತದಂತೆ ಮಧ್ಯಂತರ ಸೂಚನೆ ಹೊರಡಿಸಿತ್ತು.

ಅಪಾಯಗಳು

ಸೊಂಟದ ಭಾಗದ ಚಿಕಿತ್ಸೆಯ ನಂತರ ಒಂದೆರಡು ದಿನ ಮೈಕೈ ನೋವು, ಬಿಗಿತ, ಆಯಾಸ ಉಂಟಾಗುವುದು ಸಾಮಾನ್ಯ. 2017ರ ಸಮೀಕ್ಷೆಯಲ್ಲಿ ಈ ಬಗೆಯ ತಾತ್ಕಾಲಿಕ ತೊಂದರೆಗಳು ಅರ್ಧದಿಂದ ಮೂರನೇ ಎರಡರಷ್ಟು ಮಂದಿಯಲ್ಲಿ ಕಂಡುಬಂದಿದ್ದವು; ಗಂಭೀರ ಅನಾಹುತಗಳು ವರದಿಯಾಗಿರಲಿಲ್ಲ. ಆದರೆ ಇಂತಹ ಪ್ರಯೋಗಗಳಿಗೆ ರೋಗಿಗಳನ್ನು ಆರಿಸುವಾಗಲೇ ಅಪಾಯದ ಲಕ್ಷಣವುಳ್ಳವರನ್ನು ಹೊರಗಿಡಲಾಗುತ್ತದೆ ಎಂಬುದನ್ನು ನೆನಪಿಡಬೇಕು.

ಕತ್ತಿನ ವಿಷಯ ಬೇರೆ. ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ಧಮನಿಗಳು ಕತ್ತಿನ ಕಶೇರುಮಣಿಗಳ ರಂಧ್ರಗಳ ಮೂಲಕವೇ ಹಾದುಹೋಗುತ್ತವೆ. ಕತ್ತನ್ನು ಥಟ್ಟನೆ ತಿರುಗಿಸಿದಾಗ ಧಮನಿಯ ಒಳಪದರ ಹರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ, ಮಿದುಳಿಗೆ ಸಾಗಿ, ಪಾರ್ಶ್ವವಾಯು ಉಂಟಾಗಬಹುದು. ಕೆನಡಾದ ಒಂಟೇರಿಯೋದಲ್ಲಿ ಇಂತಹ 818 ಪಾರ್ಶ್ವವಾಯು ಪ್ರಕರಣಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟವಾದ ಅಧ್ಯಯನ, ಕೈರೋಪ್ರಾಕ್ಟರ್ ಬಳಿ ಹೋದವರಲ್ಲಿ ಕಂಡ ನಂಟೇ ಸಾಮಾನ್ಯ ವೈದ್ಯರ ಬಳಿ ಹೋದವರಲ್ಲಿಯೂ ಇದೆಯೆಂದು ತೋರಿಸಿತು. ಧಮನಿ ಮೊದಲೇ ಹರಿದು ಕತ್ತುನೋವು ಬಂದವರು ಅದಕ್ಕಾಗಿಯೇ ಚಿಕಿತ್ಸೆಗೆ ಹೋಗಿರಬಹುದೆಂಬುದು ಅದರ ತರ್ಕ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2014ರಲ್ಲಿ, ಕಾರಣ-ಪರಿಣಾಮದ ಸಂಬಂಧ ಸಿದ್ಧವಾಗದಿದ್ದರೂ ಕತ್ತಿನ ಚಿಕಿತ್ಸೆಗೆ ಮುನ್ನ ಈ ನಂಟಿನ ಬಗ್ಗೆ ರೋಗಿಗೆ ತಿಳಿಸಲೇಬೇಕೆಂದು ಹೇಳಿತು.

ಅಪಾಯ ವಿರಳವೆಂಬುದರಲ್ಲಿ ಅನುಮಾನವಿಲ್ಲ. ಆದರೆ ವಾರದಲ್ಲಿ ತಾನಾಗಿ ಹೋಗಬಹುದಾದ ಕತ್ತುನೋವಿಗೆ ಪಾರ್ಶ್ವವಾಯುವಿನ ವಿರಳ ಅಪಾಯವನ್ನೂ ಏಕೆ ಒಡ್ಡಿಕೊಳ್ಳಬೇಕೆಂಬ ಪ್ರಶ್ನೆ ಉಳಿಯುತ್ತದೆ. ಕ್ಷೌರದಂಗಡಿಯಲ್ಲಿ ತಲೆಮಾಲೀಸಿನ ಕೊನೆಗೆ ಕತ್ತನ್ನು ಎಡಕ್ಕೂ ಬಲಕ್ಕೂ ಲಟಕ್ ಎನಿಸುವ ರೂಢಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಒತ್ತಬಾರದ ಬೆನ್ನುಗಳು

ಭಾರತದ ಮಟ್ಟಿಗೆ ಎಲ್ಲಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗದಷ್ಟು ಮಂದಿ ಭಾರತದಲ್ಲಿದ್ದಾರೆ. ಕ್ಷಯ ಶ್ವಾಸಕೋಶಕ್ಕಷ್ಟೇ ಬರುವುದಿಲ್ಲ. ಮೂಳೆಗೆ ತಗುಲಿದಾಗ ಅದು ಅತಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ಬೆನ್ನೆಲುಬಿನಲ್ಲಿ. ಆರಂಭದಲ್ಲಿ ಅದರ ಲಕ್ಷಣ ಬರಿಯ ಬೆನ್ನುನೋವು. ತಿಂಗಳುಗಟ್ಟಲೆ ಅದನ್ನು ಉಳುಕು, ಗಾಳಿ, ಹಾಸಿಗೆಯ ದೋಷವೆಂದು ಭಾವಿಸುವವರಿದ್ದಾರೆ. ಒಳಗೊಳಗೇ ಕರಗುತ್ತಿರುವ ಕಶೇರುಮಣಿಯನ್ನು ಬಲದಿಂದ ಒತ್ತಿದರೆ ಅದು ಕುಸಿದು ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳ ಸ್ವಾಧೀನವೇ ತಪ್ಪಬಹುದು. ಸಕಾಲದಲ್ಲಿ ಪತ್ತೆಯಾದರೆ ಬೆನ್ನೆಲುಬಿನ ಕ್ಷಯ ಔಷಧದಿಂದ ಗುಣವಾಗುವ ರೋಗ ಎಂಬುದು ಈ ನಷ್ಟವನ್ನು ಇನ್ನಷ್ಟು ದಾರುಣವಾಗಿಸುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಕೈರೋಪ್ರಾಕ್ಟಿಕ್ ತರಬೇತಿ ಮತ್ತು ಸುರಕ್ಷತೆಯ ಕುರಿತು ಪ್ರಕಟಿಸಿದ ಮಾರ್ಗಸೂಚಿಯಲ್ಲಿ, ಬೆನ್ನೆಲುಬಿನ ಕ್ಷಯ ಇರುವಲ್ಲಿ ಒತ್ತುವ ಚಿಕಿತ್ಸೆ ಸಲ್ಲದೆಂದು ಹೇಳಿದೆ. ಗಡ್ಡೆ, ಹೊಸ ಮುರಿತ, ನರದೌರ್ಬಲ್ಯ ಹೆಚ್ಚುತ್ತಿರುವ ಡಿಸ್ಕ್ ತೊಂದರೆಗಳೂ ಆ ಪಟ್ಟಿಯಲ್ಲಿವೆ. ವಯಸ್ಸಾದವರಲ್ಲಿ ಮೂಳೆ ಟೊಳ್ಳಾಗುವ ಆಸ್ಟಿಯೋಪೊರೋಸಿಸ್ ಇದ್ದಾಗಲೂ ಒತ್ತಡ ಅಪಾಯಕರ.

ಕೆಳಗಿನ ಲಕ್ಷಣಗಳಲ್ಲಿ ಯಾವುದೊಂದಿದ್ದರೂ ಮೊದಲು ಹೋಗಬೇಕಾದದ್ದು ವೈದ್ಯರ ಬಳಿಗೆ:

1. ಸಂಜೆಯ ಜ್ವರ, ರಾತ್ರಿ ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು.
2. ಮಲಗಿದರೂ ತಗ್ಗದ, ರಾತ್ರಿ ಎಬ್ಬಿಸುವ ನೋವು.
3. ಬಿದ್ದು ಪೆಟ್ಟಾದ ನಂತರ ಬಂದ ನೋವು, ಅಥವಾ ಐವತ್ತು ದಾಟಿದ ಮೇಲೆ ಮೊದಲ ಬಾರಿಗೆ ಕಾಣಿಸಿಕೊಂಡ ನೋವು.
4. ಹಿಂದೆ ಕ್ಯಾನ್ಸರ್ ಬಂದಿರುವುದು, ದೀರ್ಘಕಾಲ ಸ್ಟಿರಾಯ್ಡ್ ಸೇವಿಸಿರುವುದು.
5. ಕಾಲಿನ ಶಕ್ತಿ ಕುಂದುವುದು, ನಡೆಯುವಾಗ ಪಾದ ಎಳೆಯುವುದು.
6. ಸೈಕಲ್ಲಿನ ಸೀಟಿಗೆ ತಾಗುವ ಭಾಗ ಮರಗಟ್ಟುವುದು, ಮೂತ್ರ ಕಟ್ಟುವುದು ಅಥವಾ ಮಲಮೂತ್ರಗಳ ಹತೋಟಿ ತಪ್ಪುವುದು.

ಕೊನೆಯದು ತುರ್ತುಸ್ಥಿತಿ. ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಅದುಮಿಕೊಂಡಾಗ ಹೀಗಾಗುತ್ತದೆ. ಅದೇ ದಿನ ಆಸ್ಪತ್ರೆ ಸೇರದಿದ್ದರೆ ಹಾನಿ ಶಾಶ್ವತವಾಗಬಹುದು.

ಫಲಕ ನೋಡಿ ನಂಬಬಹುದೇ?

ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಗಳಲ್ಲಿ ಕೈರೋಪ್ರಾಕ್ಟರುಗಳಿಗೆ ನಿಗದಿತ ಶಿಕ್ಷಣ, ನೋಂದಣಿ ಮತ್ತು ದೂರು ಕೊಡಲು ಮಂಡಳಿ ಇವೆ. ಬ್ರಿಟನ್ನಿನಲ್ಲಿ 1994ರ ಶಾಸನದ ಪ್ರಕಾರ ನೋಂದಣಿಯಿಲ್ಲದವರು ಆ ಹೆಸರನ್ನೇ ಬಳಸುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2005ರ ಮಾರ್ಗಸೂಚಿ ಪೂರ್ಣ ತರಬೇತಿಗೆ ನಾಲ್ಕು ವರ್ಷಗಳ, ಕನಿಷ್ಠ 4,200 ಗಂಟೆಗಳ ಬೋಧನೆಯನ್ನು ಸೂಚಿಸುತ್ತದೆ. ಮೇಲ್ವಿಚಾರಣೆಯಲ್ಲಿ ನಡೆಯುವ ಚಿಕಿತ್ಸಾ ತರಬೇತಿ 1,000 ಗಂಟೆಗಳಿಗೆ ಕಡಿಮೆಯಿರಬಾರದು.

ಭಾರತದಲ್ಲಿ ಕೈರೋಪ್ರಾಕ್ಟಿಕ್‌ಗೆ ಇಂತಹ ಪ್ರತ್ಯೇಕ ಶಾಸನಬದ್ಧ ಮಂಡಳಿಯಿಲ್ಲ. ಆಯುಷ್ ಪದ್ಧತಿಗಳ ಪಟ್ಟಿಯಲ್ಲಿಯೂ ಅದಿಲ್ಲ. ಹೀಗಾಗಿ ಒಂದೇ ಹೆಸರಿನ ಫಲಕದ ಹಿಂದೆ ವಿದೇಶದಲ್ಲಿ ವರ್ಷಗಟ್ಟಲೆ ಓದಿ ಬಂದವರೂ ಇರಬಹುದು, ಕೆಲವು ದಿನಗಳ ಶಿಬಿರ ಮುಗಿಸಿದವರೂ ಇರಬಹುದು, ವಿಡಿಯೋ ನೋಡಿ ಕಲಿತವರೂ ಇರಬಹುದು. ಭೌತಚಿಕಿತ್ಸಕರ ಸ್ಥಿತಿ ಭಿನ್ನ. ಅವರ ವೃತ್ತಿ 2021ರ ರಾಷ್ಟ್ರೀಯ ಸಹವರ್ತಿ ಮತ್ತು ಆರೋಗ್ಯಸೇವಾ ವೃತ್ತಿಗಳ ಆಯೋಗದ ಕಾಯಿದೆಯ ವ್ಯಾಪ್ತಿಗೆ ಬಂದಿದೆ. ಕೈಚಿಕಿತ್ಸೆಯ ವಿಧಾನಗಳನ್ನು ತರಬೇತಿ ಪಡೆದ ಭೌತಚಿಕಿತ್ಸಕರೂ ಬಳಸುತ್ತಾರೆ. ಕರ್ನಾಟಕದಲ್ಲಿ ಖಾಸಗಿ ಚಿಕಿತ್ಸಾಲಯಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಡಿ ನೋಂದಾಯಿಸಿಕೊಳ್ಳಬೇಕು. ಆ ನೋಂದಣಿಪತ್ರ ಎಲ್ಲಿದೆಯೆಂದು ಕೇಳುವ ಹಕ್ಕು ರೋಗಿಗಿದೆ.

ಕೇಳಬೇಕಾದ ಪ್ರಶ್ನೆಗಳು ಇನ್ನೂ ಕೆಲವಿವೆ. ಎಲ್ಲಿ, ಎಷ್ಟು ವರ್ಷ ಓದಿದ್ದು? ಚಿಕಿತ್ಸೆಗೆ ಮುನ್ನ ರೋಗದ ಇತಿಹಾಸ ಕೇಳಿ, ಕಾಲಿನ ಶಕ್ತಿ, ಸ್ಪರ್ಶಜ್ಞಾನ ಪರೀಕ್ಷಿಸುತ್ತಾರೆಯೇ? ವ್ಯಾಯಾಮ ಹೇಳಿಕೊಡುತ್ತಾರೆಯೇ? ಕೆಲವು ಸಲದ ಚಿಕಿತ್ಸೆಯಿಂದ ಗುಣ ಕಾಣದಿದ್ದರೆ ನಿಲ್ಲಿಸಿ ವೈದ್ಯರ ಬಳಿಗೆ ಕಳುಹಿಸುತ್ತಾರೆಯೇ? ಈ ಪ್ರಶ್ನೆಗಳಿಗೆ ಸಮಾಧಾನದಿಂದ ಉತ್ತರಿಸುವವರು ಒಂದು ಕಡೆ. ತಿಂಗಳುಗಳ ಚಿಕಿತ್ಸೆಗೆ ಮುಂಗಡ ಹಣ ಕೇಳುವವರು, ನೋವಿಲ್ಲದಿದ್ದರೂ ಜೀವನಪರ್ಯಂತ ಮೂಳೆ ಹೊಂದಿಸಿಕೊಳ್ಳುತ್ತಿರಬೇಕೆನ್ನುವವರು, ವೈದ್ಯರು ಕೊಟ್ಟ ಔಷಧ ಬಿಡಿ ಎನ್ನುವವರು ಇನ್ನೊಂದು ಕಡೆ.

ಎಕ್ಸರೇ ಅಥವಾ ಸ್ಕ್ಯಾನ್ ತೋರಿಸಿ ‘ನಿಮ್ಮ ಬೆನ್ನು ಸವೆದುಹೋಗಿದೆ’ ಎಂದು ಹೆದರಿಸುವವರ ಬಗ್ಗೆಯೂ ಎಚ್ಚರವಿರಬೇಕು. ಇದು ಕೈರೋಪ್ರಾಕ್ಟರುಗಳಿಗಷ್ಟೇ ಸೀಮಿತವಾದ ರೂಢಿಯಲ್ಲ. ಯಾವ ನೋವೂ ಇಲ್ಲದ 3,110 ಮಂದಿಯ ಬೆನ್ನಿನ ಚಿತ್ರಣಗಳ ಸಮೀಕ್ಷೆಯೊಂದು 2015ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ಇಪ್ಪತ್ತರ ವಯಸ್ಸಿನಲ್ಲಿಯೇ ಶೇಕಡ 37ರಷ್ಟು ಮಂದಿಯ ಡಿಸ್ಕ್ ಸವೆದಂತೆ ಕಾಣುತ್ತದೆ. ಎಂಬತ್ತರಲ್ಲಿ ಶೇಕಡ 96. ತಲೆಗೂದಲು ನೆರೆಯುವಂತೆ ಬೆನ್ನೂ ಹಳೆಯದಾಗುತ್ತದೆ. ಚಿತ್ರದಲ್ಲಿ ಕಂಡದ್ದೆಲ್ಲವೂ ನೋವಿನ ಕಾರಣವಲ್ಲ.

ಕೊನೆಗೆ ಉಳಿಯುವುದು

ಬೆನ್ನುನೋವಿಗೆ ಸದ್ಯಕ್ಕೆ ಇರುವ ಗಟ್ಟಿ ಸಲಹೆ ಆಕರ್ಷಕವಾದುದಲ್ಲ. ಹಾಸಿಗೆ ಹಿಡಿಯದೆ ಓಡಾಡಿಕೊಂಡಿರುವುದು, ಬೇಕೆನಿಸಿದರೆ ಬಿಸಿನೀರಿನ ಶಾಖ, ನೋವು ತಗ್ಗಿದ ಮೇಲೆ ನಿಯಮಿತ ವ್ಯಾಯಾಮ. ಆಸ್ಟ್ರೇಲಿಯದಲ್ಲಿ 701 ಮಂದಿಯ ಮೇಲೆ ನಡೆದು 2024ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕ್ರಮವಾಗಿ ಹೆಚ್ಚಿಸುತ್ತ ಹೋದ ನಡಿಗೆಯನ್ನೂ ತಿಳಿವಳಿಕೆಯನ್ನೂ ಪಡೆದವರಿಗೆ ಬೆನ್ನುನೋವು ಮರುಕಳಿಸಲು ಸರಾಸರಿ 208 ದಿನ ಹಿಡಿಯಿತು, ಪಡೆಯದವರಿಗೆ 112 ದಿನ. ನಡಿಗೆಗೆ ಫಲಕವೂ ಬೇಡ, ಮುಂಗಡ ಹಣವೂ ಬೇಡ.

ಕೈರೋಪ್ರಾಕ್ಟಿಕ್‌ನ ವಿಷಯದಲ್ಲಿ ನಂಬಿಕೆಯನ್ನು ಅಳೆದು ಕೊಡುವುದೇ ವಿವೇಕ. ಅಪಾಯದ ಲಕ್ಷಣಗಳಿಲ್ಲವೆಂದು ವೈದ್ಯರಿಂದ ಖಚಿತಪಡಿಸಿಕೊಂಡ ವಯಸ್ಕರು ಸೊಂಟದ ನೋವಿಗೆ, ಸರಿಯಾದ ತರಬೇತಿ ಪಡೆದವರಿಂದ ಕೆಲವು ಸಲ ಈ ಚಿಕಿತ್ಸೆ ಪಡೆದರೆ ವ್ಯಾಯಾಮದಷ್ಟೇ ಉಪಶಮನ ನಿರೀಕ್ಷಿಸಬಹುದು. ಅದಕ್ಕಿಂತ ಹೆಚ್ಚಿನದನ್ನು ಭರವಸೆ ಕೊಡುವವರ ಮಾತಿಗೆ ಪುರಾವೆಯ ಬೆಂಬಲವಿಲ್ಲ. ಕತ್ತಿನ ವಿಷಯದಲ್ಲಿ ಹಿಂಜರಿಯುವುದು ಲೇಸು, ಹಸುಗೂಸುಗಳ ವಿಷಯದಲ್ಲಿ ದೂರವಿರುವುದು ಲೇಸು. ಬೆನ್ನು ಒತ್ತಿಸಿಕೊಳ್ಳುವ ಮುನ್ನ ಆ ಬೆನ್ನು ಒತ್ತಬಹುದಾದುದೇ ಎಂದು ತಿಳಿದುಕೊಳ್ಳುವುದು ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ.